ಬೆಳೀತಾ ಇದ್ಯಾ, ಕೊಳೀತಾ ಇದ್ಯಾ?

ಅಮೆರಿಕದ ಹಾರ್ಟ್‌ಫರ್ಡಿಗೆ ಬಂದ ಮೊದಲ ಚಳಿಗಾಲ. ಒಂದು ಶನಿವಾರ ಮಗಳನ್ನು ಕರೆದುಕೊಂಡು ವಾಡ್ಸ್‌ವರ್ತ್ ಅಥೀನಿಯಮ್ ಎಂಬ ಕಲಾ ಮ್ಯೂಸಿಯಮ್ಮಿಗೆ ಹೋಗಿದ್ದೆ. ಇದು ವಿಮಾ ಕಂಪನಿಗಳ ಊರು. ನಮ್ಮಂಥ ಸಾಫ್ಟ್‌ವೇರಿನವರು ಪ್ರಾಜೆಕ್ಟ್ ಹಿಡಿದು ಬರುತ್ತೇವೆ, ಎರಡೋ ಮೂರೋ ವರ್ಷ ಇದ್ದು ಗಂಟು ಕಟ್ಟುತ್ತೇವೆ. ಹೊರಗೆ ಮೊಣಕಾಲೆತ್ತರ ಹಿಮ ಬಿದ್ದಿತ್ತು. ಮನೆಯೊಳಗೆ ಕೂತು ಕೂತು ಅವಳಿಗೆ ಬೇಜಾರು ಬಂದಿತ್ತು. ಮೇನ್ ಸ್ಟ್ರೀಟಿನಲ್ಲಿ ಕೋಟೆಯ ಹಾಗೆ ಕಾಣುವ ಆ ಕಟ್ಟಡದ ಒಳಗೆ ಬೆಚ್ಚಗಿರುತ್ತದೆ, ಓಡಾಡಲು ಜಾಗ ಇರುತ್ತದೆ. ನಾವು ಹೋದದ್ದು ಅಷ್ಟಕ್ಕೇ. ಚಿತ್ರಗಳ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಮ್ನೆ ನಡೆಯುತ್ತಿದ್ದೆವು. ಒಂದು ಅಗಲವಾದ ಚಿತ್ರದ ಮುಂದೆ ಅವಳು ನಿಂತುಬಿಟ್ಟಳು. ಎತ್ತರ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ, ಉದ್ದ ಒಂದೂವರೆ ಮೀಟರಿನ ಹತ್ತಿರ. ನಮ್ಮ ಊರಿನ ಮನೆಗಳ ಹಜಾರದ ಗೋಡೆಯಲ್ಲಿ ಸಾಲಾಗಿ ಫೋಟೋ ಹಾಕುತ್ತಾರಲ್ಲ, ಅಷ್ಟು ಜಾಗ.

'ಅಪ್ಪಾ, ಅಜ್ಜಿ ಮನೆ ಪಾಗಾರದ ಹಾಗಿದೆ' ಅಂದಳು. ಹೌದು, ಹಾಗೇ ಇತ್ತು. ಮಂಗಳೂರಿನ ಮಳೆಗಾಲದಲ್ಲಿ ಮುರಕಲ್ಲಿನ ಗೋಡೆ ಹೇಗಾಗುತ್ತದೆ ಅಂತ ನೋಡಿದವರಿಗೆ ಗೊತ್ತು. ಕಲ್ಲಿನ ಒಂದೊಂದು ತೂತಿನಲ್ಲೂ ಹಾವಸೆ. ಹಸಿರು, ಅದರೊಳಗೆ ಹಳದಿ, ಅದರೊಳಗೆ ತುಕ್ಕಿನ ಕೆಂಪು, ಅಲ್ಲಲ್ಲಿ ಕಪ್ಪು. ಚಿತ್ರದ ತುಂಬ ಅಂಥದೇ ಗುಡ್ಡೆಗಳು, ಕಂಬಗಳು. ಹುತ್ತವೋ, ಹವಳದ ಬಂಡೆಯೋ, ಬಿದ್ದುಹೋದ ಊರೋ ಹೇಳಲಾಗದು. ಹತ್ತಿರ ಹೋದರೆ ಅದರಲ್ಲಿ ಎಲುಬಿನಂಥದ್ದು, ಬಟ್ಟೆಯಂಥದ್ದು, ಕಣ್ಣಿನಂಥದ್ದು. ನಡುವೆ ಎರಡು ಆಕಾರ ಮಾತ್ರ ಸರಿಯಾಗಿ ಗುರುತು ಸಿಗುತ್ತವೆ. ಒಂದಕ್ಕೆ ಹಕ್ಕಿಯ ತಲೆ, ಸೈನಿಕನ ಮೈ, ಕೈಯಲ್ಲಿ ಈಟಿ. ಇನ್ನೊಂದು, ಬೆನ್ನು ತಿರುಗಿಸಿ ನಿಂತ ಹೆಂಗಸು. ಇಷ್ಟರ ಹಿಂದೆ ತೊಳೆದಿಟ್ಟಂಥ ನೀಲಿ ಆಕಾಶ, ಬಿಳಿ ಮೋಡ. ನನಗೆ ತುಂಬ ಚೆಂದ ಕಂಡಿತು. ಆಮೇಲೆ ಪಕ್ಕದ ಚೀಟಿ ಓದಿದೆ. ಮ್ಯಾಕ್ಸ್ ಎರ್ನ್ಸ್ಟ್, 'ಮಳೆಯಾದ ಮೇಲೆ ಯುರೋಪ್', 1940ರಿಂದ 42. ಆ ವರ್ಷಗಳನ್ನು ಓದಿದ ಕೂಡಲೇ ಚೆಂದ ಅಂದುಕೊಂಡದ್ದಕ್ಕೆ ಒಂಥರಾ ನಾಚಿಕೆಯಾಯಿತು.

ಅಷ್ಟರಲ್ಲಿ ಮಗಳು ಕೇಳಿದಳು. 'ಅಪ್ಪಾ, ಇದು ಬೆಳೀತಾ ಇದ್ಯಾ, ಕೊಳೀತಾ ಇದ್ಯಾ?'

'ಎರಡೂ' ಅಂದೆ. 'ಎರಡೂ ಅಂದ್ರೆ ಹೇಗಪ್ಪಾ?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಫೆಗೆ ಕರೆದುಕೊಂಡು ಹೋಗಿ ಬಿಸಿ ಚಾಕಲೇಟ್ ಕೊಡಿಸಿದೆ. ಅದಾಗಿ ಎರಡು ವರ್ಷ ಕಳೆಯಿತು. ಆ ಚಿತ್ರದ ಮುಂದೆ ಎಷ್ಟು ಸಲ ಹೋಗಿ ನಿಂತಿದ್ದೇನೋ ಲೆಕ್ಕ ಇಟ್ಟಿಲ್ಲ. ಅವಳು ಆ ಪ್ರಶ್ನೆಯನ್ನು ಮರೆತಿದ್ದಾಳೆ. ನನ್ನನ್ನು ಅದು ಬಿಟ್ಟಿಲ್ಲ.

ಎಂಥ ಮಳೆ?

ಕರಾವಳಿಯಲ್ಲಿ ಹುಟ್ಟಿದವನಿಗೆ 'ಮಳೆಯಾದ ಮೇಲೆ' ಅಂದರೆ ಒಳ್ಳೆಯ ಮಾತು. ಆಟಿ ತಿಂಗಳ ಜಡಿಮಳೆ ಮುಗಿದು ಸೋಣ ಬಂದು ಒಂದು ದಿನ ಬಿಸಿಲು ಬೀಳುತ್ತದೆ. ಗದ್ದೆ ಹಸಿರು, ಗುಡ್ಡ ಹಸಿರು, ಚಪ್ಪಲಿ ಕೂಡ ಹಸಿರು. ಅಮ್ಮ ಹಾಸಿಗೆ, ಹಪ್ಪಳ ಎಲ್ಲ ಅಂಗಳಕ್ಕೆ ತಂದು ಹಾಕುತ್ತಾರೆ. ಅದಕ್ಕೇ ಆ ಹೆಸರು ನನ್ನನ್ನು ಮೊದಲು ದಾರಿ ತಪ್ಪಿಸಿತು. ಎರ್ನ್ಸ್ಟ್ ಹೇಳುವ ಮಳೆ ಬೇರೆ. ಅದೇ ಹೆಸರಿನ ಇನ್ನೊಂದು ಕೃತಿಯನ್ನು ಅವನು ಮೊದಲೇ ಮಾಡಿದ್ದ. ಅದು 1933ರದು, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ. ಪ್ಲೈವುಡ್ಡಿನ ಮೇಲೆ ಪ್ಲಾಸ್ಟರ್ ಮೆತ್ತಿ ಬಣ್ಣ ಹಚ್ಚಿದ ಉಬ್ಬು ನಕ್ಷೆ. ಯುರೋಪಿನ ನಕ್ಷೆಯೇ, ಆದರೆ ಯಾವ ದೇಶವೂ ತನ್ನ ಜಾಗದಲ್ಲಿಲ್ಲ. ದಡಗಳು ಕದಲಿವೆ, ಸಮುದ್ರಗಳು ಒಳಗೆ ನುಗ್ಗಿವೆ. ಪ್ರಳಯ ಬಂದು ಹೋದ ಮೇಲೆ ಯಾರೋ ಮತ್ತೆ ಸರ್ವೆ ಮಾಡಿದ ಹಾಗೆ.

ಎರಡನ್ನೂ ಅಕ್ಕಪಕ್ಕ ಇಟ್ಟು ಯೋಚಿಸಿದಾಗ ನನಗೆ ಒಂದು ವಿಷಯ ಹೊಳೆಯಿತು. 1933ರಲ್ಲಿ ಅವನು ಯುರೋಪನ್ನು ಮೇಲಿನಿಂದ ನೋಡುತ್ತಿದ್ದಾನೆ. ಆಕಾಶದಲ್ಲಿ ಇದ್ದವನಿಗೆ ಕಾಣುವಂಥ ನೋಟ ಅದು. ಅಪಾಯ ಗೊತ್ತಿದೆ, ಆದರೆ ದೂರ ಇದೆ. ಎರಡನೆಯದರಲ್ಲಿ ನಕ್ಷೆ ಇಲ್ಲ. ನೆಲದ ಮೇಲೆ, ಆ ಗುಡ್ಡೆಗಳ ಬುಡದಲ್ಲಿ ನಿಂತು ತಲೆ ಎತ್ತಿ ನೋಡುತ್ತಿದ್ದಾನೆ. ಇವೆರಡರ ನಡುವಿನ ಏಳು ವರ್ಷದಲ್ಲಿ ಅವನು ಮೇಲಿನಿಂದ ಕೆಳಗೆ ಬಿದ್ದಿದ್ದ.

ಈ ಚಿತ್ರವನ್ನು ಭವಿಷ್ಯವಾಣಿ ಅಂತ ಹೊಗಳುವವರಿದ್ದಾರೆ. ಯುದ್ಧ ಮುಗಿದಾಗ ಯುರೋಪ್ ಹೀಗೇ ಆಯಿತು, ಅವನಿಗೆ ಮೊದಲೇ ಕಂಡಿತ್ತು ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅವನು ಮುಂದಿನದನ್ನು ಕಾಣುವ ಜಾಗದಲ್ಲಿ ಇರಲೇ ಇಲ್ಲ. ನಾಳೆ ಯಾವ ಊರಿನಲ್ಲಿ ಮಲಗುತ್ತೇನೆ ಅಂತಲೂ ಗೊತ್ತಿಲ್ಲದ ಮನುಷ್ಯ. ಮಳೆ ಇನ್ನೂ ಸುರಿಯುತ್ತಲೇ ಇತ್ತು. ಅದರ ನಡುವೆ ನಿಂತು ಮಳೆಯಾದ ಮೇಲೆ ಅಂತ ಬರೆಯಬೇಕಾದರೆ ಅವನ ಮನಸ್ಸಿನಲ್ಲಿ ಏನಿತ್ತು? ಮುಗಿದರೆ ಸಾಕು ಅನ್ನುವ ಆಸೆಯೇ ಇರಬೇಕು ಅನ್ನಿಸುತ್ತದೆ ನನಗೆ.

ಹಂಚಿನ ಕಾರ್ಖಾನೆ

ಎರ್ನ್ಸ್ಟ್ ಹುಟ್ಟಿದ್ದು 1891ರಲ್ಲಿ, ಜರ್ಮನಿಯ ಕೊಲೋನ್ ಹತ್ತಿರದ ಬ್ರೂಲ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ಪಡೆಯಲ್ಲಿ ನಾಲ್ಕು ವರ್ಷ ಕಳೆದ. ತಾನು 1914ರ ಆಗಸ್ಟ್ 1ರಂದು ಸತ್ತೆ, 1918ರ ನವೆಂಬರ್ 11ರಂದು ಮತ್ತೆ ಜೀವ ಬಂತು ಅಂತ ತನ್ನ ಬಗ್ಗೆ ಬರೆದುಕೊಂಡಿದ್ದಾನೆ. 1922ರಲ್ಲಿ ಪ್ಯಾರಿಸ್ಸಿಗೆ ಹೋದವನು ಅಲ್ಲೇ ಉಳಿದ. 1937ರಲ್ಲಿ ನಾಜಿಗಳು ಮ್ಯೂನಿಕ್‌ನಲ್ಲಿ 'ಕುಲಗೆಟ್ಟ ಕಲೆ' ಅಂತ ಪ್ರದರ್ಶನ ಇಟ್ಟು ಜನರನ್ನು ನಗಿಸಿದರಲ್ಲ, ಅದರಲ್ಲಿ ಇವನ ಚಿತ್ರವೂ ಇತ್ತು. ಆ ಚಿತ್ರ ಮತ್ತೆ ಸಿಗಲಿಲ್ಲ. ಹೀಗೆ ಹುಟ್ಟಿದ ದೇಶಕ್ಕೆ ಅವನು ಬೇಡವಾದ. ಎರಡೇ ವರ್ಷಕ್ಕೆ, 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಫ್ರಾನ್ಸಿನ ಪೊಲೀಸರು ಬಂದು ನೀನು ಜರ್ಮನ್, ಶತ್ರು ದೇಶದವನು ಅಂತ ಹಿಡಿದುಕೊಂಡು ಹೋದರು.

ಅವನನ್ನು ಕೂಡಿಹಾಕಿದ್ದು ಎಲ್ಲಿ ಅಂತ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹಂಚಿನ ಕಾರ್ಖಾನೆಯಲ್ಲಿ! ದಕ್ಷಿಣ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಪಕ್ಕದ ಲೆ ಮಿಲ್ ಎಂಬ ಊರಲ್ಲಿ ಮುಚ್ಚಿಹೋಗಿದ್ದ ಒಂದು ಹಂಚು, ಇಟ್ಟಿಗೆಯ ಕಾರ್ಖಾನೆ. ಅದನ್ನೇ ಫ್ರೆಂಚ್ ಸೇನೆ ಶಿಬಿರ ಮಾಡಿತ್ತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಲೇಖಕರು, ಕಲಾವಿದರು, ವಿಜ್ಞಾನಿಗಳು ಎಲ್ಲ ಅಲ್ಲಿ. ಸುಡುವ ಗೂಡುಗಳ ಒಳಗೆ, ಹಂಚು ಒಣಗಿಸುವ ಅಟ್ಟಗಳ ಮೇಲೆ ಹುಲ್ಲು ಹಾಸಿ ಮಲಗುತ್ತಿದ್ದರು. ಎಲ್ಲೆಲ್ಲೂ ಇಟ್ಟಿಗೆ ಪುಡಿ. ಊಟದಲ್ಲಿ, ಹಾಸಿಗೆಯಲ್ಲಿ, ಎದೆಯೊಳಗೆ. ಎರ್ನ್ಸ್ಟ್ ಜೊತೆಗೆ ಹಾನ್ಸ್ ಬೆಲ್ಮರ್ ಎಂಬ ಕಲಾವಿದನೂ ಇದ್ದ. ಅವನು ಎರ್ನ್ಸ್ಟ್‌ನ ಮುಖ ಬಿಡಿಸಿದ. ಇಡೀ ಮುಖ ಇಟ್ಟಿಗೆಯಿಂದಲೇ ಕಟ್ಟಿದ ಹಾಗೆ. ಎರ್ನ್ಸ್ಟ್ ಆ ದಿನಗಳಲ್ಲಿ 'ನಾಡಿಲ್ಲದವರು' ಅಂತ ಒಂದು ಚಿತ್ರ ಮಾಡಿದ. ಅದರಲ್ಲಿರುವ ಎರಡು ಜೀವಗಳ ಮೈ ಕಬ್ಬಿಣ ಉಜ್ಜುವ ಅರದ್ದು. ಸರಳು ಕತ್ತರಿಸಲು ಬೇಕಾದ ಅರ.

ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿದ್ದರು. ಮಂಗಳೂರಿನ ಹಂಚಿನ ಕತೆ ಇಲ್ಲಿ ಮತ್ತೆ ಹೇಳಬೇಕಿಲ್ಲ. ಬಾಸೆಲ್ ಮಿಷನ್ನಿನ ಪಾದ್ರಿಗಳು, 1865ರ ಅವರ ಕಾರ್ಖಾನೆ, ನೇತ್ರಾವತಿಯ ಆವೆಮಣ್ಣು ಎಲ್ಲ ಗೊತ್ತಿರುವುದೇ. ಆದರೆ ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಆ ಚಪ್ಪಟೆ ಹಂಚಿನ ಮೂಲ ರೂಪ ಫ್ರಾನ್ಸಿನದು, ಜಿಲಾರ್ಡೋನಿ ಅಣ್ಣತಮ್ಮಂದಿರು 1840ರ ದಶಕದಲ್ಲಿ ಮಾಡಿದ್ದು ಅಂತ ನನಗೆ ಗೊತ್ತಿರಲಿಲ್ಲ. ಲೆ ಮಿಲ್ ಕಡೆಯ ಬಂದರು ಮಾರ್ಸೇ ಸುತ್ತಮುತ್ತಲ ಕಾರ್ಖಾನೆಗಳು ಅದನ್ನು ಲೋಕಕ್ಕೆಲ್ಲ ಕಳಿಸಿದವು. ನಮ್ಮ ಮನೆಯ ಮಾಡಿಗೂ ಲೆ ಮಿಲ್‌ಗೂ ದೂರದ ನೆಂಟಸ್ತಿಕೆ ಇದೆ ಅಂತಾಯಿತು. ಇನ್ನೂ ಒಂದು ಇದೆ. ಮೊದಲ ಮಹಾಯುದ್ಧ ಬಂದಾಗ ಬಾಸೆಲ್ ಮಿಷನ್ನಿನ ಜರ್ಮನರನ್ನು ಬ್ರಿಟಿಷರು ಇದೇ ರೀತಿ ಶತ್ರು ದೇಶದವರು ಅಂತ ಹಿಡಿದರು, ಕಾರ್ಖಾನೆಗಳನ್ನು ಕಿತ್ತುಕೊಂಡರು. ಅಜ್ಜ ಅದನ್ನು ತಮ್ಮ ಅಪ್ಪ ಹೇಳಿದ್ದು ಅಂತ ನನಗೆ ಹೇಳಿದ್ದರು. 'ನಿನ್ನೆಯವರೆಗೆ ಧಣಿ, ಇವತ್ತು ಕೈದಿ' ಅಂತ ಒಂದೇ ಸಾಲು.

ನನಗೆ ಎಂಟೋ ಒಂಬತ್ತೋ ವರ್ಷ. ಅಜ್ಜ ಒಂದು ದಿನ ತಾವು ಮೊದಲು ಕೆಲಸ ಮಾಡಿದ್ದ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದರು. ಆಗಲೇ ಅದು ಮುಚ್ಚಿತ್ತು. ಉದ್ದ ಚಿಮಣಿ ಇತ್ತು, ಅದರ ಸಂದಿಯಲ್ಲಿ ಅರಳಿ ಗಿಡ ಹುಟ್ಟಿತ್ತು. ಅಜ್ಜ ಒಂದು ಗೂಡಿನ ಬಾಗಿಲು ತೋರಿಸಿ 'ಹೋಗು, ನೋಡು. ಬೆಂಕಿ ಇಲ್ಲ ಈಗ' ಅಂದರು. ಒಳಗೆ ಕಮಾನಿನ ಹಾಗೆ ಬಾಗಿದ ಇಟ್ಟಿಗೆ ಮಾಡು. ನಾನು ತಲೆ ಎತ್ತಿ ನೋಡಿದೆ. ವರ್ಷಾನುಗಟ್ಟಲೆ ಬೆಂಕಿ ತಿಂದ ಇಟ್ಟಿಗೆ ಕರಗಿ ಗಾಜಿನ ಹಾಗೆ ಇಳಿದು ಗಟ್ಟಿಯಾಗಿತ್ತು. ಕೆಲವು ಕಡೆ ಹಸಿರು, ಕೆಲವು ಕಡೆ ಕಂದು. ನೋಡುತ್ತಾ ಇದ್ದ ಹಾಗೆ ಅದರಲ್ಲಿ ಮುಖಗಳು ಕಾಣಲು ಶುರುವಾದವು. ಒಂದು ಗಡ್ಡದವನು, ಒಂದು ನಾಯಿ, ಬಾಯಿ ತೆರೆದ ಒಬ್ಬಳು ಮುದುಕಿ. ಹೆದರಿ ಹೊರಗೆ ಓಡಿ ಬಂದೆ. 'ಎಂತ ಆಯ್ತು ಮಾರಾಯ?' ಅಂದರು ಅಜ್ಜ. 'ಒಳಗೆ ಜನ ಇದ್ದಾರೆ' ಅಂದೆ. ಅವರು ನಗಲಿಲ್ಲ. ನನ್ನ ತಲೆಯ ಮೇಲಿನ ಕೆಂಪು ಧೂಳನ್ನು ಕೈಯಲ್ಲಿ ಒರೆಸುತ್ತಾ, 'ನಮಗೂ ಕಾಣ್ತಿತ್ತು. ರಾತ್ರಿ ಪಾಳಿಯವರಿಗೆ ಜಾಸ್ತಿ ಕಾಣ್ತದೆ' ಅಂದರು.

ಲೆ ಮಿಲ್‌ನ ಗೂಡುಗಳಲ್ಲಿ ಮಲಗಿದವರಿಗೂ ಕಂಡಿರಬೇಕು. ಅದರಲ್ಲೂ ಎರ್ನ್ಸ್ಟ್‌ಗೆ. 1925ರಲ್ಲಿ ಸಮುದ್ರ ತೀರದ ಒಂದು ಹೋಟೆಲಿನ ಸವೆದ ಮರದ ನೆಲದಲ್ಲಿ ಆಕಾರಗಳನ್ನು ಕಂಡು, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಕಾಡು, ಮೃಗ, ಹಕ್ಕಿಗಳನ್ನು ಹೊರಗೆ ತೆಗೆದವನು ಅವನು. ನಾವೆಲ್ಲ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜಿ ಅಶೋಕನ ಸಿಂಹ ತೆಗೆಯುತ್ತಿದ್ದೆವಲ್ಲ, ಅದೇ ಆಟ.

ಒತ್ತಿ ತೆಗೆದ ಬಣ್ಣ

'ಮಳೆಯಾದ ಮೇಲೆ ಯುರೋಪ್' ಮಾಡಿದ ವಿಧಾನವೂ ಮಕ್ಕಳಾಟದ ನೆಂಟನೇ. ಶಾಲೆಯಲ್ಲಿ ನೋಟ್‌ಬುಕ್ಕಿನ ಹಾಳೆಯಲ್ಲಿ ಶಾಯಿ ಚೆಲ್ಲಿ, ಮಡಚಿ, ಒತ್ತಿ ಬಿಡಿಸುತ್ತಿದ್ದೆವು. ಚಿಟ್ಟೆ ಬರುತ್ತದೋ ರಾಕ್ಷಸ ಬರುತ್ತಾನೋ ಅಂತ ಪಂತ. ಬಣ್ಣ ಹಚ್ಚಿ ಅದರ ಮೇಲೆ ಇನ್ನೊಂದು ಹಾಳೆ ಒತ್ತಿ ಎಳೆಯುವ ವಿಧಾನವನ್ನು ಕನಸು, ಆಕಸ್ಮಿಕಗಳನ್ನು ನೆಚ್ಚಿದ ಸರ್ರಿಯಲಿಸ್ಟ್ ಕಲಾವಿದರ (ಎರ್ನ್ಸ್ಟ್ ಅವರಲ್ಲೊಬ್ಬ) ನಡುವೆ ತಂದದ್ದು ಆಸ್ಕರ್ ಡೊಮಿಂಗೆಸ್, 1930ರ ದಶಕದ ಮಧ್ಯದಲ್ಲಿ. ಡಿಕಾಲ್ಕಮೇನಿಯ ಅಂತ ಅದರ ಹೆಸರು. ಅವನದು ನೀರುಬಣ್ಣ, ಕಾಗದ. ಎರ್ನ್ಸ್ಟ್ ಅದನ್ನು ಎಣ್ಣೆ ಬಣ್ಣಕ್ಕೆ, ಕ್ಯಾನ್ವಾಸಿಗೆ ತಂದ. ತೆಳ್ಳಗೆ ಬಣ್ಣ ಬಳಿದು, ಗಾಜೋ ಕಾಗದವೋ ಒತ್ತಿ ಎತ್ತುವುದು. ಎತ್ತುವಾಗ ಬಣ್ಣ ಅಂಟಿ, ಎಳೆದು, ಹರಿದು ನರಗಳ ಹಾಗೆ, ಸ್ಪಂಜಿನ ಹಾಗೆ, ಪಾಚಿಯ ಹಾಗೆ ಬೀಳುತ್ತದೆ. ಕೈಗೆ ಅದರ ಮೇಲೆ ಹಿಡಿತ ಇಲ್ಲ. ಇಂಥದೇ ಬರಲಿ ಅಂತ ಹೇಳುವಂತಿಲ್ಲ.

ಇದರಲ್ಲಿ ನನಗೆ ಮನಸ್ಸು ತಟ್ಟಿದ್ದು ಮುಂದಿನ ಹಂತ. ಒತ್ತಿ ತೆಗೆದ ಮೇಲೆ ಅವನು ಅದನ್ನು ಹಾಗೇ ಬಿಡಲಿಲ್ಲ. ಮುಂದೆ ಕೂತು ನೋಡಿದ. ಎಲ್ಲಿ ಮುಖ ಕಂಡಿತೋ ಅಲ್ಲಿ ಸಣ್ಣ ಕುಂಚದಿಂದ ಕಣ್ಣು ಇಟ್ಟ. ಎಲ್ಲಿ ಮೈ ಕಂಡಿತೋ ಅಲ್ಲಿ ಬಟ್ಟೆಯ ನೆರಿಗೆ ತೀಡಿದ. ಆ ವರ್ಷಗಳಲ್ಲಿ ಅವನ ಬದುಕಿನ ಒಂದು ನಿರ್ಧಾರವೂ ಅವನ ಕೈಯಲ್ಲಿರಲಿಲ್ಲ. ಹಿಡಿಯುವವರು ಹಿಡಿದರು, ಬಿಡುವವರು ಬಿಟ್ಟರು. 1939ರ ಕೊನೆಗೆ ಗೆಳೆಯ ಪಾಲ್ ಎಲ್ಯುವಾರ್ ಓಡಾಡಿ ಬಿಡಿಸಿದ. ಮೊದಲ ಯುದ್ಧದಲ್ಲಿ ಎದುರು ಸೇನೆಯಲ್ಲಿದ್ದ ಫ್ರೆಂಚ್ ಕವಿ ಅವನು. ಆರು ತಿಂಗಳು ಆಗುವುದರೊಳಗೆ ಮತ್ತೆ ಬಂಧನ. ತಪ್ಪಿಸಿಕೊಂಡ, ಸಿಕ್ಕಿಬಿದ್ದ, ಮತ್ತೆ ತಪ್ಪಿಸಿಕೊಂಡ. ಹೀಗೆ ಎತ್ತಿ ಒಗೆಯಲ್ಪಟ್ಟವನು ತನ್ನ ಕ್ಯಾನ್ವಾಸಿನ ಮೇಲೂ ಬಣ್ಣ ತಾನಾಗಿ ಬೀಳಲು ಬಿಟ್ಟ. ಆಮೇಲೆ ತಾಳ್ಮೆಯಿಂದ, ಬಿದ್ದದ್ದರಲ್ಲಿ ಏನಿದೆ ಅಂತ ಹುಡುಕಿದ.

ಬೆಳೀತಾ ಇದ್ಯಾ ಕೊಳೀತಾ ಇದ್ಯಾ ಅನ್ನುವ ಗೊಂದಲ ಈ ವಿಧಾನದಲ್ಲೇ ಇದೆ ಅಂತ ಈಗ ಅನ್ನಿಸುತ್ತದೆ. ಬಣ್ಣ ಹರಿದು ಹೋಗುವಾಗಲೇ ಕೊಂಬೆಯ ಹಾಗೆ ಕವಲೊಡೆಯುತ್ತದೆ. ಹರಿದ ಗುರುತೂ ಚಿಗುರಿದ ಗುರುತೂ ನೋಡಲು ಒಂದೇ ಥರ.

ಸ್ಯಾಂ-ಮಾರ್ತಾಂ ಮನೆ

1938ರಲ್ಲಿ ಎರ್ನ್ಸ್ಟ್ ಮತ್ತು ಲಿಯೊನೋರಾ ಕ್ಯಾರಿಂಗ್ಟನ್ ದಕ್ಷಿಣ ಫ್ರಾನ್ಸಿನ ಸ್ಯಾಂ-ಮಾರ್ತಾಂ-ದಾರ್ದೆಶ್ ಎಂಬ ಹಳ್ಳಿಯಲ್ಲಿ ಒಂದು ಹಳೆಯ ಕಲ್ಲಿನ ಮನೆಯಲ್ಲಿ ಸಂಸಾರ ಹೂಡಿದರು. ಅವಳಿಗೆ ಆಗ 21, ಅವನಿಗೆ 47. ಅವಳು ಇಂಗ್ಲೆಂಡಿನ ಶ್ರೀಮಂತರ ಮನೆಯವಳು, ಸ್ವತಃ ಒಳ್ಳೆಯ ಚಿತ್ರಕಾರ್ತಿ, ಕತೆಗಾರ್ತಿ. ಅವನ ಜೊತೆಗಾತಿ ಅಂತ ಮಾತ್ರ ಅವಳನ್ನು ನೆನೆಯುವುದು ತಪ್ಪು. ಆ ಮನೆಯ ಗೋಡೆಗಳ ಮೇಲೆ ಅವನು ಸಿಮೆಂಟಿನಲ್ಲಿ ವಿಚಿತ್ರ ಜೀವಿಗಳನ್ನು ಮಾಡಿದ. ಅವಳು ಬಾಗಿಲುಗಳ ಮೇಲೆ ಚಿತ್ರ ಬರೆದಳು. ದ್ರಾಕ್ಷಿ ಬೆಳೆದರು. ಎರಡು ವರ್ಷ ಕೂಡ ಸರಿಯಾಗಿ ಇರಲಾಗಲಿಲ್ಲ.

1940ರ ಮೇನಲ್ಲಿ ಅವನನ್ನು ಎರಡನೇ ಸಲ ಹಿಡಿದೊಯ್ದಾಗ ಅವಳು ಒಬ್ಬಳೇ ಉಳಿದಳು. ಜರ್ಮನ್ ಸೇನೆ ಹತ್ತಿರ ಬರುತ್ತಿತ್ತು. ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಮನಸ್ಸು ಕೈತಪ್ಪಿತು. ಗೆಳೆಯರು ಅವಳನ್ನು ಸ್ಪೇನಿಗೆ ಕರೆದುಕೊಂಡು ಹೋದರು. ಅಲ್ಲಿ ಸಾಂತಾಂದೇರ್‌ನ ಮಾನಸಿಕ ಆಸ್ಪತ್ರೆಯಲ್ಲಿ ಅವಳಿಗೆ ಫಿಟ್ಸ್ ಬರಿಸುವ ಇಂಜೆಕ್ಷನ್ ಕೊಟ್ಟರು. ಆ ಆಸ್ಪತ್ರೆಯ ಅನುಭವವನ್ನು ಅವಳು ಆಮೇಲೆ ಬರೆದಿದ್ದಾಳೆ. ಎರ್ನ್ಸ್ಟ್ ತಪ್ಪಿಸಿಕೊಂಡು ಮನೆಗೆ ಬಂದಾಗ ಅವಳಿಲ್ಲ. ಮನೆಯೂ ಬೇರೆಯವರ ಕೈಗೆ ಹೋಗಿತ್ತು. ಮುಂದೆ ಲಿಸ್ಬನ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು, ಆದರೆ ಒಂದಾಗಲಿಲ್ಲ. ಅವಳು ಮೆಕ್ಸಿಕೋಗೆ ಹೋಗಿ 2011ರಲ್ಲಿ ತೀರಿಕೊಳ್ಳುವವರೆಗೆ ಬಹುಕಾಲ ಅಲ್ಲೇ ಬಾಳಿದಳು. ತುಂಬ ದೊಡ್ಡ ಕಲಾವಿದೆಯಾದಳು.

ಚಿತ್ರದ ನಡುವೆ ಬೆನ್ನು ತಿರುಗಿಸಿ ನಿಂತ ಹೆಂಗಸನ್ನು ನೋಡಿದಾಗ ಲಿಯೊನೋರಾಳ ನೆನಪು ಬರದೇ ಇರುವುದಿಲ್ಲ. ಆದರೆ ನನ್ನನ್ನು ಕಾಡುವುದು ಅವಳ ಪಕ್ಕದ ಹಕ್ಕಿ ತಲೆಯ ಸೈನಿಕ. ಸುಲಭದ ಓದು ಏನೆಂದರೆ, ಅವನು ಶತ್ರು. ನಾಜಿ. ಈಟಿ ಹಿಡಿದು ಹೆಂಗಸನ್ನು ಹೆದರಿಸುತ್ತಿದ್ದಾನೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಹಕ್ಕಿ ಅಂದರೆ ಎರ್ನ್ಸ್ಟ್‌ಗೆ ತಾನೇ. ಚಿಕ್ಕವನಿದ್ದಾಗ ಅವನು ಸಾಕಿದ್ದ ಕಾಕಟೂ ಗಿಳಿ ಸತ್ತ ಹೊತ್ತಿನಲ್ಲೇ ತಂಗಿ ಹುಟ್ಟಿದ ಸುದ್ದಿ ಬಂತಂತೆ. ಅಂದಿನಿಂದ ಹಕ್ಕಿ, ಮನುಷ್ಯ ಎರಡೂ ಅವನ ತಲೆಯಲ್ಲಿ ಬೆರೆತುಹೋದವು. ದೊಡ್ಡವನಾದ ಮೇಲೆ ತನಗೆ ಲೊಪ್ಲೊಪ್ ಅಂತ ಒಂದು ಹಕ್ಕಿ ರೂಪ ಕೊಟ್ಟುಕೊಂಡ. ವರ್ಷಗಟ್ಟಲೆ ಆ ಹಕ್ಕಿಯನ್ನು ತನ್ನ ಚಿತ್ರಗಳಲ್ಲಿ ಬರೆದ. ಅಂಥವನು ಈ ಚಿತ್ರದಲ್ಲಿ ಸೈನಿಕನಿಗೆ ಹಕ್ಕಿಯ ತಲೆ ಇಟ್ಟಿದ್ದಾನೆ. ಅವನೂ ಒಂದು ಕಾಲದಲ್ಲಿ ಸೈನಿಕನೇ ಅಲ್ವಾ? ಜರ್ಮನ್ ಸಮವಸ್ತ್ರವನ್ನೇ ಹಾಕಿದ್ದವನು. ಈ ಹಾಳುಭೂಮಿಯಲ್ಲಿ ತಾನು ಬರೀ ನೊಂದವನು ಅಂತ ಅವನು ಬರೆದುಕೊಂಡಿಲ್ಲ. ಈಟಿಯನ್ನು ತನ್ನದೇ ಮುಖದವನ ಕೈಗೆ ಕೊಟ್ಟಿದ್ದಾನೆ. ಇದು ನನ್ನ ಓದು. ಈ ಒಂದು ಕಾರಣಕ್ಕೆ ಚಿತ್ರದ ಮೇಲೆ ನನ್ನ ಗೌರವ ಹೆಚ್ಚಾಯಿತು.

ದಾಟಿದವರು, ದಾಟದವರು

1940ರ ಕೊನೆಗೆ ಅವನು ಮಾರ್ಸೇಗೆ ಬಂದ. ಅಲ್ಲಿ ವೇರಿಯನ್ ಫ್ರೈ ಎಂಬ ಅಮೆರಿಕದ ಪತ್ರಕರ್ತ, ಅಪಾಯದಲ್ಲಿದ್ದ ಕಲಾವಿದರನ್ನು, ಬರಹಗಾರರನ್ನು ದೇಶ ದಾಟಿಸುವ ಕೆಲಸದಲ್ಲಿದ್ದ. ನ್ಯೂಯಾರ್ಕಿನಲ್ಲಿ ಎರ್ನ್ಸ್ಟ್‌ನ ಮಗ ಜಿಮ್ಮಿ ಇದ್ದ. ಹದಿನೆಂಟರ ಹೊತ್ತಿಗೇ ಅಮೆರಿಕಕ್ಕೆ ಬಂದು ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ ಸಣ್ಣ ಕೆಲಸ ಮಾಡುತ್ತಿದ್ದ. ಅವನು ಅಪ್ಪನಿಗಾಗಿ ಅವರಿವರ ಬಾಗಿಲು ತಟ್ಟಿದ. ಚಿತ್ರಗಳನ್ನು ಕೊಳ್ಳುತ್ತಿದ್ದ ಅಮೆರಿಕದ ಶ್ರೀಮಂತೆ ಪೆಗ್ಗಿ ಗುಗೆನ್‌ಹೈಮ್ ದುಡ್ಡು ಕೊಟ್ಟಳು. ಹೀಗೆ ಹತ್ತು ಕೈ ಸೇರಿ ಎರ್ನ್ಸ್ಟ್ ಹೊರಟ.

ಸ್ಪೇನಿನ ಗಡಿಯ ಕಾನ್‌ಫ್ರಾಂಕ್ ರೈಲು ನಿಲ್ದಾಣದಲ್ಲಿ ನಡೆದದ್ದನ್ನು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಸುತ್ತಿಟ್ಟಿದ್ದ ಕ್ಯಾನ್ವಾಸುಗಳನ್ನು ಬಿಚ್ಚಿ ತೋರಿಸು ಅಂದರು. ಅಲ್ಲೇ ನಿಲ್ದಾಣದಲ್ಲಿ ಬಿಚ್ಚಿ ಹರಡಿದ. ಜನ ಸುತ್ತ ನಿಂತು ನೋಡಿದರು. ಫ್ರೆಂಚ್ ಅಧಿಕಾರಿ ಅವನನ್ನು ಪಕ್ಕಕ್ಕೆ ಕರೆದ. ನಿನ್ನ ಕಾಗದಪತ್ರ ಸರಿಯಿಲ್ಲ, ನಾನು ನಿನ್ನನ್ನು ವಾಪಸು ಕಳಿಸಬೇಕು ಅಂದ. ಆಮೇಲೆ, ಅಲ್ಲಿ ಎರಡು ರೈಲು ನಿಂತಿವೆ, ಒಂದು ಸ್ಪೇನಿಗೆ ಹೋಗುತ್ತದೆ, ಇನ್ನೊಂದು ಫ್ರಾನ್ಸಿನ ಒಳಕ್ಕೆ, ತಪ್ಪು ರೈಲು ಹತ್ತಬೇಡ ಅಂದ. ತನಗೆ ಪ್ರತಿಭೆ ಕಂಡರೆ ಇಷ್ಟ ಅಂತಲೂ ಅಂದನಂತೆ. ಎರ್ನ್ಸ್ಟ್ ಸ್ಪೇನಿನ ರೈಲು ಹತ್ತಿದ. ಲಿಸ್ಬನ್‌ನಿಂದ ವಿಮಾನದಲ್ಲಿ ಹೊರಟು 1941ರ ಜುಲೈ 14ರಂದು ನ್ಯೂಯಾರ್ಕಿನಲ್ಲಿ ಇಳಿದ. ಇಲ್ಲಿಯೂ ಜರ್ಮನ್ ಅಂತ ಕೆಲವು ದಿನ ಎಲಿಸ್ ದ್ವೀಪದಲ್ಲಿ ಇಟ್ಟುಕೊಂಡೇ ಬಿಟ್ಟರು. ಫ್ರಾನ್ಸಿನಲ್ಲಿ ಶುರುವಾಗಿ ಅರ್ಧಕ್ಕೆ ನಿಂತಿದ್ದ ಕ್ಯಾನ್ವಾಸೂ ಸಮುದ್ರ ದಾಟಿ ಬಂತು. 1942ರಲ್ಲಿ ಮುಗಿಯಿತು. ಅದೇ ವರ್ಷ ಈ ಹಾರ್ಟ್‌ಫರ್ಡಿನ ಮ್ಯೂಸಿಯಮ್ ಅದನ್ನು ಕೊಂಡಿತು.

ಈ ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ಕೇಳಲು ಹಿತವಾಗಿರುತ್ತದೆ. ಆದರೆ ಜಿಮ್ಮಿಗೆ ಅಮ್ಮನೂ ಇದ್ದಳು. ಲೂಯಿಸೆ ಸ್ಟ್ರಾಸ್, ಎಲ್ಲರ ಬಾಯಲ್ಲಿ ಲೂ. ಎರ್ನ್ಸ್ಟ್‌ನ ಮೊದಲ ಹೆಂಡತಿ, ಕಲಾ ಇತಿಹಾಸ ಓದಿ ಡಾಕ್ಟರೇಟ್ ಪಡೆದವಳು, ಯೆಹೂದಿ. ಅವಳೂ ಫ್ರಾನ್ಸಿನಲ್ಲೇ ಇದ್ದಳು. ಇಬ್ಬರೂ ಬೇರೆಯಾಗಿ ವರ್ಷಗಳಾಗಿದ್ದವು. ಮತ್ತೆ ಮದುವೆಯಾದಂತೆ ಕಾಗದ ಮಾಡಿಸಿ ಒಂದೇ ವೀಸಾದಲ್ಲಿ ಅವಳನ್ನೂ ದಾಟಿಸುವ ಮಾತು ಬಂದಿತ್ತು. ಅದು ಆಗಲಿಲ್ಲ. 1944ರಲ್ಲಿ, ಪ್ಯಾರಿಸ್ಸಿನ ಬಿಡುಗಡೆಗೆ ಕೆಲವೇ ವಾರ ಇರುವಾಗ, ಅವಳನ್ನು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ ಸಾಗಿಸಿದರು. ಮಗ ತಂದೆಗಾಗಿ ತಟ್ಟಿದ ಹಾಗೆ ತಾಯಿಗಾಗಿಯೂ ಬಾಗಿಲು ತಟ್ಟಿದ್ದ. ಪ್ರತಿಭೆ ಇಷ್ಟಪಡುವ ಅಧಿಕಾರಿ ಅವಳ ದಾರಿಯಲ್ಲಿ ಸಿಗಲಿಲ್ಲ. ಲೆ ಮಿಲ್‌ನ ಅದೇ ಹಂಚಿನ ಕಾರ್ಖಾನೆಯಿಂದಲೂ 1942ರ ಆಗಸ್ಟ್, ಸೆಪ್ಟೆಂಬರಿನಲ್ಲಿ 2,000ಕ್ಕೂ ಹೆಚ್ಚು ಯೆಹೂದಿ ಗಂಡಸರು, ಹೆಂಗಸರು, ಮಕ್ಕಳನ್ನು ಆಶ್ವಿಟ್ಸ್ ದಾರಿ ಹಿಡಿಸಿದರು. ಈಗ ಅಲ್ಲಿ ಸ್ಮಾರಕ ಇದೆ. ಎರ್ನ್ಸ್ಟ್ ಸುರಕ್ಷಿತವಾಗಿ ಕೂತು ಚಿತ್ರ ಮುಗಿಸಿದ ವರ್ಷವೂ ಅದೇ.

ನನಗೆ ಆ ನೀಲಿ ಆಕಾಶದ ಮೇಲೆ ಸಿಟ್ಟು ಬರುತ್ತಿದ್ದದ್ದು ಇದಕ್ಕೇ. ಅಷ್ಟು ಶುಭ್ರ ಯಾಕೆ? ಹೊಗೆ ಇಲ್ಲ, ಬಾಂಬ್ ಇಲ್ಲ, ರಕ್ತ ಇಲ್ಲ. ಇಂಥ ಚಿತ್ರಗಳಲ್ಲಿ ಅವನು ಆಕಾಶವನ್ನು ಹೇಗೆ ತರುತ್ತಿದ್ದ ಅಂತ ಗೊತ್ತಾದ ಮೇಲೆ ಆ ಸಿಟ್ಟು ಬೇರೆ ಏನೋ ಆಯಿತು. ಒತ್ತಿ ತೆಗೆದ ಬಣ್ಣ ಮೊದಲು. ಆಕಾಶ ಆಮೇಲೆ. ಒತ್ತಿದ ಗುರುತುಗಳ ಮೇಲೆಯೇ ಆಕಾಶದ ಬಣ್ಣ ಬಳಿದು, ಬೇಡದ್ದನ್ನು ಮುಚ್ಚಿ, ಬೇಕಾದ ಆಕಾರಗಳನ್ನು ಕತ್ತರಿಸಿ ನಿಲ್ಲಿಸುತ್ತಿದ್ದ. ಅಂದರೆ ಆ ನೀಲಿಯ ಅಡಿಯಲ್ಲೂ ಇಂಥದೇ ಎಲುಬು, ಪಾಚಿ, ಮುಖಗಳು ಇರಬೇಕು. ನಮಗೆ ಕಾಣುವುದು ಅವನು ಮುಚ್ಚದೆ ಬಿಟ್ಟದ್ದು ಮಾತ್ರ.

ಕಳೆದ ವಾರ ಊಟದ ಮೇಜಿನ ಮೇಲೆ ಪೇಪರ್ ಹಾಸಿ ನಾನೂ ಮಗಳೂ ಒತ್ತಿ ನೋಡಿದೆವು. ಅಂಗಡಿಯಿಂದ ತಂದ ಪೋಸ್ಟರ್ ಬಣ್ಣ, ಹಳೆಯ ಫೋಟೋ ಫ್ರೇಮಿನ ಗಾಜು. ಹಸಿರು, ಹಳದಿ, ಸ್ವಲ್ಪ ಕಾವಿ. ಗಾಜು ಎತ್ತಿದಾಗ ಇಬ್ಬರೂ ಒಟ್ಟಿಗೆ 'ಓ' ಅಂದೆವು. ನನಗೆ ಅದರಲ್ಲಿ ಅಜ್ಜನ ಕಾರ್ಖಾನೆಯ ಗೂಡಿನ ಮಾಡು ಕಂಡಿತು, ಬಾಯಿ ತೆರೆದ ಮುದುಕಿ ಕೂಡ. ಅವಳಿಗೆ ಏನು ಕಂಡಿತು ಅಂತ ಕೇಳಿದೆ. ಎಷ್ಟೋ ಜನ ಇದ್ದಾರೆ ಅಂದಳು. ಬಣ್ಣ ಒಣಗಲಿ ಅಂತ ಬಿಟ್ಟೆವು. ಸಂಜೆ ಅವಳು ಬಟ್ಟಲಲ್ಲಿ ನೀಲಿ ಕಲಸಿಕೊಂಡು ಬಂದು ಆ ಹಾಳೆಯ ಮುಂದೆ ಕೂತಳು. ಕುಂಚ ಅದ್ದಿದಳು. ಹಾಳೆಯ ಮೇಲ್ಗಡೆ ಕೈ ತಂದು ಅಲ್ಲೇ ನಿಲ್ಲಿಸಿದಳು.

'ಅಪ್ಪಾ, ಆಕಾಶ ಹಾಕಿದ್ರೆ ಇವರೆಲ್ಲ ಮುಚ್ಚಿ ಹೋಗ್ತಾರಲ್ಲ. ಯಾರನ್ನ ಬಿಡ್ಲಿ?'

ಹಾಳೆ ಇನ್ನೂ ಹಾಗೇ ಫ್ರಿಜ್ಜಿನ ಮೇಲೆ ಇದೆ. ಬಟ್ಟಲಿನ ನೀಲಿ ಒಣಗಿ ಬಿರುಕು ಬಿಟ್ಟಿದೆ.